ಗುಲ್ಜಾರಬಿಯ ಹೆಸರಿನಲ್ಲಿ

೫ ಸೆಪ್ಟೆಂಬರ್ ೨೦೦೪, ರವಿವಾರ, ಬೆಳಿಗ್ಗೆ

ಫೋನ್ ಮುಗಿಯಿತು. ಇವತ್ತು ನಾಲ್ಕು ಪೇಷಂಟ್.

ಇಲ್ಲಿ, ನಾನು ಮೆಡಿಕಲ್ ಓದುವ ದ್ವೀಪದಲ್ಲಿ, ಬೆಳಿಗ್ಗೆ ಎಂಟು ಅಂದರೆ ನಮ್ಮೂರು ಉಣಕಲ್ಲಿನಲ್ಲಿ ಸಂಜೆ ಐದೂವರೆ. ನನ್ನ ರಿಂಗ್ ಬಂದ ಕೂಡಲೇ ಅಪ್ಪ ಗಿರಣಿ ಬಂದ್ ಮಾಡುತ್ತಾನೆ. ಮೋಟರಿನ ಸದ್ದಿನಲ್ಲಿ ಏನೂ ಕೇಳುವುದಿಲ್ಲ. ಗಿರಣಿ ನಿಂತ ಮೇಲೆ ಬೀಸಿಸಲು ಬಂದವರಿಗೆ ಬೇರೆ ಕೆಲಸವೇನು? ಜೋಳದ ಡಬ್ಬಿ ಕೆಳಗಿಟ್ಟು ಫೋನಿಗೆ ಪಾಳಿ ಹಚ್ಚುತ್ತಾರೆ. ಅಪ್ಪನೇ ಕರೆದು ಕರೆದು ರಿಸೀವರ್ ಕೊಡುತ್ತಾನೆ. "ನಮ್ಮ ಕಾವೇರಿ ಅದಾಳ, ಏನ ತ್ರಾಸ ಐತಿ ಹೇಳ್ರಿ."

ಲಕ್ಕಪ್ಪ ಕಾಕಾನ ಮೊಣಕಾಲು ಕಟಕಟ ಅನ್ನುತ್ತದಂತೆ. ಮೊಣಕಾಲಿನಲ್ಲಿ ಯಾವ ಯಾವ ಎಲುಬು ಕೂಡುತ್ತವೆ ಎಂದು ಹೇಳಿದೆ. ನನಗೆ ಗೊತ್ತಿರುವುದು ಅಷ್ಟೇ. ಕಾಕಾನಿಗೆ ಖುಷಿಯೋ ಖುಷಿ. "ಮೂರ ಎಲಬು ಅಂತಲೇ! ಧಾರವಾಡದ ಡಾಕ್ಟರ ಒಬ್ಬವನೂ ಇದನ್ನ ಹೇಳಿಲ್ಲ ನೋಡ."

ಅಪ್ಪನಿಗೆ ಮತ್ತೆ ಹೇಳಿದೆ — ನಾನಿನ್ನೂ ಡಾಕ್ಟರ್ ಅಲ್ಲ, ಎರಡು ವರ್ಷ ನಾನು ಮುಟ್ಟಿದ್ದು ಬರೀ ಹೆಣ, ಜೀವ ಇದ್ದವರು ಮುಂದಿನ ವರ್ಷಕ್ಕೆ. "ಇರ್ಲಿ ಬಿಡವಾ. ಯಾರರೆ ಕೇಳಿಸಿಕೊಂಡರ ಸಾಕು, ಅರ್ಧಾ ಜಡ್ಡ ಅಲ್ಲೇ ಹೋಕ್ಕೈತಿ."

ಅವ್ವ ಯಾವಾಗಲೂ ಕಡೆಗೆ.

"ಉಂಡೀ?"

"ಇಲ್ಲೆ ಇನ್ನೂ ಮುಂಜಾನಿ ಅವ್ವಾ."

"ಮುಂಜಾನಿ ಆದರ ಉಣಬಾರದೇನ?" ಫೋನ್ ಅಪ್ಪನ ಕೈಗೆ.

೮ ಸೆಪ್ಟೆಂಬರ್

ಪ್ಯಾಥಾಲಜಿ ಶುರು. ಎ.ಸಿ. ಹಾಲ್, ಎಪ್ಪತ್ತು ಮಂದಿ, ಕಿಟಕಿಯಾಚೆ ಸಮುದ್ರ. ಹೊಸದಾಗಿ ಬಂದವರು ಫೋಟೋ ತೆಗೆಯುತ್ತಿದ್ದರು. ನಾನೂ ತೆಗೆದಿದ್ದೆ ಮೊದಲ ವರ್ಷ. ಈಗ ಅದು ಉಣಕಲ್ ಕೆರೆಯ ಹಾಗೆ. ಇದೆ, ಅಷ್ಟೇ.

ಮಳೆ ಬಂದರೆ ಏಡಿಗಳು ರಸ್ತೆ ದಾಟುತ್ತವೆ. ಇವತ್ತು ಒಂದು ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತಿತ್ತು. ಹಾಸ್ಟೆಲಿನ ಒಡತಿ ಅಗಾಥಾ ಬರಿಗೈಯಲ್ಲಿ ಹಿಡಿದು ಬಕೆಟ್ಟಿಗೆ ಹಾಕಿದಳು. ರಾತ್ರಿ ಊಟಕ್ಕೆ ಕರೆದಳು. ಕಾರಣ ಹೇಳಿ ತಪ್ಪಿಸಿಕೊಂಡೆ. ಅನ್ನ, ಶೇಂಗಾ ಚಟ್ನಿ. ಚಟ್ನಿ ಡಬ್ಬಿಯ ತಳ ಕಾಣುತ್ತಿದೆ.

ಸಿ.ಇ.ಟಿ. ಸೀಟು ತಪ್ಪಿದಾಗ ಅಳುತ್ತಿದ್ದವಳು ನಾನು. ಮಸ್ಕತ್ತಿನ ಶಶಿಕಾಂತ ಮಾಮಾ, ಇಲ್ಲಾದರೇನು ಅಲ್ಲಿ ಓದಿಸುತ್ತೇನೆ ಅಂದ. ಭೂಪಟದಲ್ಲಿ ಈ ದ್ವೀಪ ಹುಡುಕಲು ಅಪ್ಪನಿಗೆ ಭೂತಗನ್ನಡಿ ಬೇಕಾಯಿತು.

೧೨ ಸೆಪ್ಟೆಂಬರ್, ರವಿವಾರ

ಇವತ್ತು ಒಬ್ಬಳೇ ಪೇಷಂಟ್. ಪಕ್ಕದ ಮನೆಯ ಗುಲ್ಜಾರಬಿ ಚಾಚಿ. ಅವಳಿಗೂ ಅವ್ವನಿಗೂ ಹಿತ್ತಿಲ ಗೋಡೆ ಒಂದೇ, ಗುಟ್ಟೂ ಒಂದೇ. ಗಂಡ ಹುಸೇನಬಾಷಾ ಚಾಚಾ ಮೋಟರ್ ವೈಂಡಿಂಗ್ ಮಾಡುತ್ತಾನೆ. ನಮ್ಮ ಗಿರಣಿ ಓಡುವುದು ಅವನಿಂದ.

"ಎಲ್ಲಾರೂ ಹೊರಗ ನಡೀರಿ, ಹೆಣಮಕ್ಕಳ ಮಾತೈತಿ. ಹೊಳೆಯಪ್ಪಣ್ಣಾ, ನಿಮಗೂ ಹೇಳಾಕತ್ತೇನಿ!" ಅಪ್ಪ ಗೊಣಗುತ್ತ ಹೋದದ್ದು ಕೇಳಿಸಿತು.

ಆಮೇಲೆ ದನಿ ಇಳಿಸಿದಳು. "ಬೇಟಿ, ನಂದು ತಿಂಗಳದ್ದ ನಿಂತ ಬಾಳ ದಿನಾ ಆಗಿತ್ತ. ಈಗ ಮತ್ತ ಕಾಣಸಾಕತ್ತೈತಿ. ಒಮ್ಮೆ ಬರೇ ಕಲಿ ಬಿದ್ದಂಗ, ಒಮ್ಮೆ ಜಾಸ್ತಿ. ಕಿಬ್ಬೊಟ್ಟಿ ಹಿಡದಂಗ ಆಕ್ಕೈತಿ. ಏನ ಮಾಡೂದ?"

ಎಷ್ಟು ದಿನದಿಂದ ಅಂದೆ. ರಿಸೀವರಿಗೆ ಕೈ ಅಡ್ಡ ಹಿಡಿದು ಯಾರನ್ನೋ ಕೇಳಿದಳು. "ಉಗಾದಿ ಮುಗದ ಮ್ಯಾಲಿಂದ."

ಲಗೂ ಒಬ್ಬ ಲೇಡಿ ಡಾಕ್ಟರಿಗೆ ತೋರಿಸು, ತಡ ಮಾಡಬೇಡ ಅಂದೆ. "ಗುಳಿಗಿ ಏನೂ ಇಲ್ಲೇನ?" ಇಲ್ಲ ಅಂದೆ. ಬೇಜಾರಾದಳು.

ಗುರುವಾರದ ನೋಟ್ಸ್ ತೆಗೆದು ನೋಡಿದೆ. ಮುಟ್ಟು ನಿಂತ ಮೇಲಿನ ರಕ್ತಸ್ರಾವ — ಕ್ಯಾನ್ಸರ್ ಅಲ್ಲವೆಂದು ತೋರಿಸಿಕೊಡುವವರೆಗೆ ಕ್ಯಾನ್ಸರ್ ಎಂದೇ ತಿಳಿಯಬೇಕು. ಪರೀಕ್ಷೆಗೆ ಬರುತ್ತದೆ ಎಂದು ಅಡಿಗೆರೆ ಹಾಕಿದ್ದೆ.

೧೩ ಸೆಪ್ಟೆಂಬರ್

ಬಟ್ಟೆ ಒಗೆಯುತ್ತಿದ್ದೆ. ಆಗ ಹೊಳೆಯಿತು.

ಗುಲ್ಜಾರಬಿ ಚಾಚಿಯ ಗರ್ಭಚೀಲ ತೆಗೆಸಿ ಎಷ್ಟೋ ವರ್ಷವಾಗಿದೆ. ನಾನಾಗ ಐದನೇ ಇಯತ್ತೆಯಲ್ಲಿದ್ದಿರಬೇಕು. ಹುಬ್ಬಳ್ಳಿಯ ದವಾಖಾನೆಗೆ ಅವ್ವನ ಜೊತೆ ಬುತ್ತಿ ಒಯ್ದಿದ್ದೆ. ಮಕ್ಕಳಾಗುವ ಮೊದಲೇ ತೆಗೆಯಬೇಕಾಯಿತಲ್ಲ ಅಂತ ಚಾಚಿ ಅವ್ವನನ್ನು ತಬ್ಬಿಕೊಂಡು ಅತ್ತಿದ್ದಳು. ನನಗೇನೂ ತಿಳಿಯದೆ ಮೂಲೆಯಲ್ಲಿ ಬಾಳೆಹಣ್ಣು ತಿನ್ನುತ್ತ ನಿಂತಿದ್ದೆ.

ಗರ್ಭಚೀಲವೇ ಇಲ್ಲದವಳಿಗೆ ಇದು ಎಲ್ಲಿಂದ? ಬಾಜೂಕ್ಕೆ ನಿಂತು ಉಗಾದಿ ಅಂತ ಹೇಳಿಕೊಟ್ಟವಳು ಯಾರು? ಅಪ್ಪ ಹೊರಗೆ. ಬಂದವರೆಲ್ಲ ಹೊರಗೆ. ಗಿರಣಿಯಲ್ಲಿ ಉಳಿದವಳು ಅವ್ವ ಒಬ್ಬಳೇ.

ನಮ್ಮ ಕಡೆ ಹೆಂಗಸರು ಹೀಗೆಯೇ. ತನ್ನ ಜಡ್ಡನ್ನು ಗೆಳತಿಯ ಹೆಸರಲ್ಲಿ ಕೇಳುವುದು. "ನಮ್ಮ ಬಾಜೂಕಿನಾಕಿಗೆ ಹಿಂಗಾಗೇತಿ" ಅಂತ ಶುರು. ಗೊತ್ತಿದ್ದದ್ದೇ. ನನ್ನ ಹತ್ತಿರವೂ ಹೀಗೆ ಮಾಡುತ್ತಾಳೆ ಎಂದು ಗೊತ್ತಿರಲಿಲ್ಲ.

ನೇರ ಕೇಳಿದರೆ ಅವ್ವ ಹಾರಿಬೀಳುತ್ತಾಳೆ. ನನಗೇನ ಧಾಡಿ ಅಂತ ಫೋನ್ ಇಡುತ್ತಾಳೆ. ಆಮೇಲೆ ಗುಲ್ಜಾರಬಿಯ ಹೆಸರಲ್ಲೂ ಕೇಳುವುದಿಲ್ಲ. ಇರುವ ಒಂದು ದಾರಿಯೂ ಬಂದ್.

ಬಟ್ಟೆ ಹಿಂಡಿ ಒಣಹಾಕಿದೆ. ಕ್ಲಾಸಿಗೆ ಹೋದೆ.

೧೯ ಸೆಪ್ಟೆಂಬರ್, ರವಿವಾರ

ಲಕ್ಕಪ್ಪ ಕಾಕಾನಿಗೆ ಇವತ್ತು ಸಮಯವಿಲ್ಲ ಅಂದೆ. ಅವ್ವನನ್ನೇ ಕೇಳಿದೆ.

"ಗುಲ್ಜಾರಬಿ ಚಾಚಿ ತೋರಿಸಿದಳೇನ?"

"ಇಲ್ಲವಾ. ಆಕಿಗೆ ಅಂಜಿಕಿ. ಏನರೆ ದೊಡ್ಡದ ಅಂದ್ರ ಏನ ಮಾಡೂದಂತಾಳ."

"ದೊಡ್ಡದ ಆಗೂಕಿಂತ ಮೊದಲ ಹೋಗಂತ ಹೇಳ. ಸತ್ತೂರ ದವಾಖಾನ್ಯಾಗ ಹೆಣಮಗಳ ಡಾಕ್ಟರ ಅದಾರ. ಉಣಕಲ್ಲಿಂದ ಬಸ್ ಹತ್ತಿದರ ಆತು."

"ಗಿರಣಿ ಬಿಟ್ಟ ಹೆಂಗ ಹೋಗಾಕ ಬರ್ತೈತಿ?"

ಲೈನಿನಲ್ಲಿ ಗರಗರ ಸದ್ದು.

"ಅಂದರ... ನಾನೂ ಆಕಿ ಕೂಡ ಹೋಗಬೇಕಾಕ್ಕೈತಲಾ. ಅದಕ್ಕಂದೆ."

"ಹೌದ ಹೌದ. ಕೂಡ ಹೋಗ."

ಅಡ್ಡಗೋಡೆ ಮೇಲೆ ದೀಪ ಇಟ್ಟ ಮಾತು. ನನ್ನದೂ ಅವಳದೂ.

೨೬ ಸೆಪ್ಟೆಂಬರ್, ರವಿವಾರ

ಹೋಗಿಲ್ಲ. ಪಕ್ಷಮಾಸ ಬಂತಂತೆ, ಗಿರಣಿಗೆ ಗದ್ದಲವಂತೆ. ಮುಂದೆ ದಸರಾ, ಅದರ ಮುಂದೆ ಅವ್ವನ ತವರೂರು ಮುಗದದಲ್ಲಿ ಭತ್ತದ ಕೊಯ್ಲು. ಗುಲ್ಜಾರಬಿಗೆ ಯಾವ ಪಕ್ಷಮಾಸ, ಯಾವ ಭತ್ತ ಎಂದು ನಾನು ಕೇಳಲಿಲ್ಲ.

ಸಿಟ್ಟು ಬಂತು. ಒದರಿದೆ. "ಚಾಚಿಗೆ ತಲಿ ಇಲ್ಲೇನ? ಸಾಯೂಕಿಂತ ಮೊದಲ ಹೋಗಂತ ಹೇಳ ಆಕಿಗೆ!"

"ಹಂಗ್ಯಾಕ ಒದರ್ತಿ? ಹೇಳ್ತೇನಿ." ಸಣ್ಣ ದನಿ. ಫೋನ್ ಇಟ್ಟಳು. ಅವ್ವನಿಗೆ ಸಾಯುವ ಮಾತು ಅಂದೆನಲ್ಲ ಅಂತ ಸಂಕಟ.

೨ ಅಕ್ಟೋಬರ್

ಚಂಡಮಾರುತ ಬರುತ್ತದಂತೆ. ಕ್ಲಾಸ್ ಬಂದ್. ಅಗಾಥಾ ಕಿಟಕಿಗೆಲ್ಲ ಹಲಗೆ ಬಡಿಯುತ್ತಿದ್ದಾಳೆ. ನನಗೆ ಮೊಳೆ ಹಿಡಿಯುವ ಕೆಲಸ. ನೀರು ತುಂಬಿಡು, ಬೈಬಲ್ ಓದು ಅಂದಳು. ನೀರು ತುಂಬಿಟ್ಟೆ.

೧೫ ಅಕ್ಟೋಬರ್

ಗಾಳಿ ಪಕ್ಕದ ದ್ವೀಪದ ಮೇಲೆ ಹೋಯಿತು. ನಮಗೆ ತಾಗಿದ್ದು ಅದರ ಬಾಲ. ಅಷ್ಟಕ್ಕೇ ಹಾಸ್ಟೆಲಿನ ತಗಡು ಹಾರಿ ಮೈದಾನದಲ್ಲಿ ಬಿತ್ತು. ಹನ್ನೆರಡು ದಿನದಿಂದ ಕರೆಂಟ್ ಇಲ್ಲ, ಫೋನ್ ಇಲ್ಲ. ಎಲ್ಲರೂ ಅಗಾಥಾಳ ನಡುಮನೆಯಲ್ಲಿ. ಈಗ ಏಡಿಯನ್ನೂ ತಿಂದಿದ್ದೇನೆ.

ಮನೆಯವರಿಗೆ ನಾನು ಬದುಕಿದ್ದೇನೋ ಇಲ್ಲವೋ ಗೊತ್ತಿಲ್ಲ. ನನಗೂ ಅವ್ವನ ಸುದ್ದಿ ಗೊತ್ತಿಲ್ಲ. ಲೆಕ್ಕ ಸಮ.

೧೭ ಅಕ್ಟೋಬರ್, ರವಿವಾರ

ಲೈನ್ ಬಂತು. ಇವತ್ತು ಅವ್ವನೇ ಮೊದಲು ಎತ್ತಿದಳು. "ಯವ್ವಾ ನನ ಕೂಸ... ನನ ಬಂಗಾರ..." ಬರೀ ಅಳು. ಟೀವಿಯಲ್ಲಿ ಮನೆಗಳು ತೇಲಿದ್ದನ್ನು ನೋಡಿದ್ದಾರೆ. ಅಪ್ಪ ಗಿರಣಿ ತೆಗೆದೇ ಇಲ್ಲವಂತೆ.

ಅಳು ನಿಂತ ಮೇಲೆ ಕೇಳಿದೆ. ಚಾಚಿ ಹೋದಳೇನು?

"ನೀನಽ ಇಲ್ಲಂದ ಮ್ಯಾಲ ಯಾತರ ದವಾಖಾನಿ?"

"ಅವ್ವಾ, ಕೇಳ. ಇನ್ನ ಮುಂದ ಆಕಿ ಸತ್ತೂರಕ್ಕ ಹೋಗಿ ಬರೂತನಕಾ ನಾ ಫೋನ್ ಮಾಡೂದುಲ್ಲ. ಆಕಿಗೆ ಹೇಳ."

"ಮಂದಿ ಸಲುವಾಗಿ ನನ್ನ ಕೂಡ ಮಾತ ಬಿಡ್ತೀ?"

"ಬಿಡ್ತೇನಿ." ಫೋನ್ ಇಟ್ಟೆ. ನಾನೇ ಇಟ್ಟದ್ದು ಇದೇ ಮೊದಲು.

೨೪ ಅಕ್ಟೋಬರ್, ರವಿವಾರ

ಫೋನ್ ಮಾಡಲಿಲ್ಲ. ಎಂಟಕ್ಕೆ ಸಮುದ್ರದ ಕಡೆ ನಡೆದು ಹೋದೆ. ಅಲ್ಲಿ ಐದೂವರೆ. ಗಿರಣಿ ಬಂದ್ ಮಾಡಿ ಎಲ್ಲರೂ ಫೋನ್ ನೋಡುತ್ತ ಕೂತಿರುತ್ತಾರೆ.

೩೧ ಅಕ್ಟೋಬರ್, ರವಿವಾರ

ತಡೆಯಲಾಗಲಿಲ್ಲ. ಮಾಡಿದೆ. ಅಪ್ಪ ಎತ್ತಿದ.

"ಗುಲ್ಜಾರಬಿ ಹೋಗಿ ಬಂದಳವಾ. ನಿಮ್ಮವ್ವನೂ ಕೂಡ ಹೋಗಿದ್ಲು." ಯಾಕೋ ನಿಧಾನವಾಗಿ, ಓದಿ ಹೇಳಿದ ಹಾಗೆ ಹೇಳಿದ. "ಒಳಗಿಂದ ತುಣುಕ ತಗದ ಪರೀಕ್ಷಾ ಮಾಡಬೇಕಂದ್ರಂತ. ಆಕಿ ಒಪ್ಪವಲ್ಲಳು. ಡಿಸೆಂಬರಿನ್ಯಾಗ ಕಾವೇರಿ ಬರ್ತಾಳ, ಆಕಿ ಮುಂದ ಮಾಡಿಸ್ಕೋತೇನಿ ಅಂತಾಳ."

ಈಗಲೇ ಬರುತ್ತೇನೆ ಅಂದೆ. ಹಿಂದಿನಿಂದ ಅವ್ವ ಕೂಗಿದಳು: "ಪರೀಕ್ಷಾ ಬಿಟ್ಟ ಬಂದರ ಗುಲ್ಜಾರಬಿ ಬಾಗಲಾ ತಗಿಯೂದುಲ್ಲಂತ ಹೇಳ್ರಿ ಆಕಿಗೆ!"

೨೧ ನವೆಂಬರ್

ಓದು. ಗರ್ಭಕೋಶದ ಅಧ್ಯಾಯ ಎರಡು ಸಲ. ಅಕ್ಷರ ಕಾಣುತ್ತದೆ, ಮುಂದೆ ಹೋಗುವುದಿಲ್ಲ. ಸ್ಲೈಡಿನಲ್ಲಿ ಅದು ಗುಲಾಬಿ, ನೇರಳೆ. ಚಂದವೇ ಇದೆ. ಯಾರದೋ ಒಂದು ತುಣುಕು. ಯಾರದೆಂದು ಇಷ್ಟು ದಿನ ಯೋಚಿಸಿರಲಿಲ್ಲ.

೧೧ ಡಿಸೆಂಬರ್, ಉಣಕಲ್

ಬಂದೆ. ಅವ್ವ ಅರ್ಧ ಆಗಿದ್ದಾಳೆ. ಬಳೆ ಮೊಣಕೈತನಕ ಜಾರುತ್ತವೆ. "ಸಣ್ಣಾಗೀಯಲ್ಲ?" ಅಂದೆ. "ನೀ ಸಣ್ಣಾಗಿ ಬಂದೀ, ನನಗ ಹೇಳ್ತಿ?" ರೊಟ್ಟಿ ಮೇಲೆ ರೊಟ್ಟಿ ಹಾಕಿದಳು.

ಗುಲ್ಜಾರಬಿ ಚಾಚಿ ಬಂದಳು. ಗುಂಡುಕಲ್ಲಿನ ಹಾಗಿದ್ದಾಳೆ. ಬಾಗಿಲಲ್ಲೇ ಸೊಂಟ ಹಿಡಿದು "ಆಯ್ ಅಲ್ಲಾ, ನನ್ನ ಕಿಬ್ಬೊಟ್ಟಿ" ಅಂದಳು. ಅವ್ವ ನನ್ನ ಮುಖ ನೋಡಿದಳು. ನಾನು ಚಾಚಿಯ ನಾಡಿ ಹಿಡಿದು ನೋಡಿದೆ. ಮೂವರೂ ಗಂಭೀರ. ಆಮೇಲೆ ನಾನು ಬಚ್ಚಲಿಗೆ ಹೋಗಿ ನಕ್ಕೆ. ನಗುತ್ತ ನಗುತ್ತ ಅಳು ಬಂತು.

೧೩ ಡಿಸೆಂಬರ್

ಗಿರಣಿಯಲ್ಲಿ ಕೂತಿದ್ದೆ. ಬಂದವರೆಲ್ಲ ಒಂದೇ ಮಾತು ಕೇಳುತ್ತಾರೆ. "ಗುಲ್ಜಾರಬಿಗೆ ಹೆಂಗೈತಿ?" ಚಾಚಿ ಅಲ್ಲೇ ಎದುರಿಗೆ ನಿಂತು ಮೆಣಸಿನಕಾಯಿ ಬೀಸಿಸುತ್ತಿದ್ದರೂ ನನ್ನನ್ನು ಕೇಳುತ್ತಾರೆ. ಕೇಳುವಾಗ ನಮ್ಮ ಅಡಿಗೆಮನೆಯ ಕಡೆ ನೋಡುತ್ತಾರೆ.

ಓಣಿಯ ತಾಜಬಿ ಒಂದು ಡಬ್ಬಿ ಅಳವಿ ಲಡ್ಡು ತಂದಳು, ಸೊಂಟಕ್ಕೆ ಶಕ್ತಿ ಅಂತ. "ಗುಲ್ಜಾರಬಿಗೆ ತಂದೇನಿ. ನಿಮ್ಮ ಮನ್ಯಾಗಽ ಇಡ್ರಿ. ನಿಮ್ಮವ್ವ ತಿಂದರೂ ನಡೀತೈತಿ."

ಊರಿಗೇ ಗೊತ್ತು. ಚಾಚಿಯ ಆಪರೇಷನ್ ನೆನಪಿರುವುದು ನನಗೊಬ್ಬಳಿಗೇ ಏನು? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿದೆ. ಸುತ್ತ ನಿಂತವರು ಬೆಕ್ಕಿಗೆ ಬೇಜಾರಾಗದಿರಲಿ ಅಂತ ತಾವೂ ಕಣ್ಣು ಮುಚ್ಚಿದ್ದಾರೆ.

೧೪ ಡಿಸೆಂಬರ್

ಸತ್ತೂರು. ಮೂವರೂ ಹೋದೆವು. ಬಸ್ಸಿನಲ್ಲಿ ಅವ್ವ ಕಿಟಕಿಗೆ.

ಓ.ಪಿ.ಡಿ.ಯಲ್ಲಿ ನರ್ಸ್ ಕರೆದಳು. "ಗುಲ್ಜಾರಬಿ ಹುಸೇನಬಾಷಾ!"

ಎದ್ದವಳು ಅವ್ವ. ಅಕ್ಟೋಬರಿನಲ್ಲಿ ಬಂದಾಗಲೇ ಆ ಹೆಸರು ಬರೆಸಿದ್ದಾಳೆ, ಪರಿಚಯದವರು ಯಾರಾದರೂ ಕೇಳಿಸಿಕೊಂಡಾರು ಅಂತ. ಹಣೆಯ ಕುಂಕುಮ ಒರೆಸಿಕೊಂಡು ಬಂದದ್ದು ಆಗ ಕಾಣಿಸಿತು. ಚಾಚಿ ತನ್ನ ಸೆರಗಿನ ಚುಂಗಿನಿಂದ ಅವ್ವನ ಹಣೆಯ ಉಳಿದ ಕೆಂಪನ್ನೂ ತೀಡಿದಳು. ನನ್ನ ಮುಂದೆಯೇ.

ಅವ್ವ ನನ್ನ ಕಡೆ ತಿರುಗಿ, "ಗುಲ್ಜಾರಬಿಗೆ ಸೂಜಿ ಅಂದ್ರ ಅಂಜಿಕಿ. ಅದಕ್ಕ ನಾ ಹೊಂಟೇನಿ" ಅಂದಳು. ಎಂಥ ಮಾತು! ಆಕೆಯ ಬದಲು ಇವಳ ತುಣುಕು ತೆಗೆದರೆ ಆಕೆಗೆ ಗುಣವಾದೀತೇ? ನಾನು ಹ್ಞೂಂ ಅಂದೆ. ಒಳಗೆ ಹೋಗಲಿ, ಅಷ್ಟೇ ಬೇಕಿತ್ತು ನನಗೆ.

ರಿಪೋರ್ಟ್ ಬರುವ ಮಂಗಳವಾರ.

೧೭ ಡಿಸೆಂಬರ್

ಗಿರಣಿಯ ಮೋಟರ್ ಸುಟ್ಟಿತು. ಹುಸೇನಬಾಷಾ ಚಾಚಾ ಬಿಚ್ಚಿಕೊಂಡು ಕೂತಿದ್ದ. ಅಪ್ಪ ಹಿಟ್ಟು ಗುಡಿಸುತ್ತಿದ್ದ. ತಲೆ ಎತ್ತದೆ ಕೇಳಿದ.

"ಗುಲ್ಜಾರಬಿ ಬದಕತಾಳೇನ?"

ಚಾಚಾ ಕೈ ನಿಲ್ಲಿಸಿದ. ನಾನು ಅಪ್ಪನ ಮುಖ ನೋಡಿದೆ. ರೆಪ್ಪೆ, ಮೀಸೆ ಎಲ್ಲ ಬಿಳೀ ಹಿಟ್ಟು.

"ನಿನಗ ಗೊತ್ತೈತೇನ ಅಪ್ಪಾ?"

"ಒಂದ ಹಾಸಿಗಿ ಮ್ಯಾಲ ಮಲಗಾವ ನಾ. ಗೊತ್ತಿಲ್ಲದ ಹೆಂಗಿರ್ತೈತಿ?"

"ಮತ್ತ ಇಷ್ಟ ದಿನಾ ಸುಮ್ಮಕ?"

"ಪರದೆ ಕಟ್ಟಿದಾಕಿ ಆಕಿ. ಆಕೀನಽ ತಗೀಲಿ. ನಾ ಜಗ್ಗಿದರ ಆಕಿ ದವಾಖಾನಿ ದಾರಿನಽ ಬಿಟ್ಟಾಳು. ನಿನ್ನ ಕೂಡ ಆಕಿ ಮಾತಾಡಲಿ ಅಂತ ತಾಸಗಟ್ಟಲೆ ಹೊರಗ ನಿಂತೇನಿ." ಮತ್ತೆ ಗುಡಿಸತೊಡಗಿದ. "ಬದಕತಾಳೋ ಇಲ್ಲೋ, ಅದನ್ನ ಹೇಳ."

ಗೊತ್ತಿಲ್ಲ ಅಂದೆ. ಎರಡು ವರ್ಷ ಓದಿದ್ದಕ್ಕೆ ಅಷ್ಟೇ ಹೇಳಲು ಬಂತು.

೨೧ ಡಿಸೆಂಬರ್, ಸತ್ತೂರು, ವಾರ್ಡಿನಲ್ಲಿ

ಅವ್ವ ಮಲಗಿದ್ದಾಳೆ. ಇಲ್ಲೇ ಇರಿಸಿಕೊಂಡಿದ್ದಾರೆ, ಆಪರೇಷನ್ ಗುರುವಾರ. ಜನವರಿಯ ನನ್ನ ಟಿಕೆಟ್ ಮುಂದೂಡಬೇಕು, ಇನ್ನೂ ಅವ್ವನಿಗೆ ಹೇಳಿಲ್ಲ.

ಬೆಳಿಗ್ಗೆ ಐವರೂ ಬಂದಿದ್ದೆವು. ಅಪ್ಪ, ಚಾಚಾ ಹೊರಗೆ ಬೆಂಚಿನ ಮೇಲೆ. ಹೆಂಗಸರು ಒಳಗೆ. ಡಾಕ್ಟರ್ ಮೇಡಮ್ ಅವ್ವನಿಗೇ ಹೇಳಿದರು, ನೆಟ್ಟಗೆ, ಮೆತ್ತಗೆ. "ಕ್ಯಾನ್ಸರ್ ಐತ್ರಿ. ಆದರ ಗರ್ಭಚೀಲ ದಾಟಿ ಹೋಗಿಲ್ಲಂತ ಕಾಣಸ್ತೈತಿ. ಚೀಲಾ ತಗದರ ಛಲೋ ಆಗೂ ಸಂಭವ ಬಾಳ ಐತಿ. ತಡಾ ಮಾತ್ರ ಮಾಡಬ್ಯಾಡ್ರಿ."

ಅವ್ವ ತಲೆಯಾಡಿಸಿದಳು, ಬಸ್ಸಿನ ಟೈಮ್ ಕೇಳಿಸಿಕೊಂಡವಳ ಹಾಗೆ. ಚಾಚಿ ಗೊಳೋ ಅಂದಳು.

"ಮನಿಯವರ ಸಹಿ ಬೇಕ್ರಿ. ಹುಸೇನಬಾಷಾ ಅವರು ಬಂದಾರೇನು? ಒಳಗ ಕರೀರಿ."

ಚಾಚಿ ಕಣ್ಣೊರೆಸಿಕೊಂಡು ಎದ್ದೇಬಿಟ್ಟಳು ಗಂಡನನ್ನು ಕರೆಯಲು. ಅವ್ವ ಅವಳ ಕೈ ಹಿಡಿದು ಕೂರಿಸಿದಳು.

"ಸಾಕ ಬಿಡ ಗುಲ್ಜಾರಬಿ. ನಿನ್ನ ಗಂಡನ ಕಡಿಂದ ಎಷ್ಟಂತ ಮಾಡಸ್ಲಿ?" ಮೇಡಮ್ ಕಡೆ ತಿರುಗಿದಳು. "ಅಕ್ಕಾರ, ನಾ ಗುಲ್ಜಾರಬಿ ಅಲ್ಲರಿ. ಈಕಿ ಗುಲ್ಜಾರಬಿ. ಜಡ್ಡ ನಂದು. ನನ್ನ ಹೆಸರ ಬೀರವ್ವ."

ಮೇಡಮ್ ಪೆನ್ ಕೆಳಗಿಟ್ಟರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಬೇರೆ ಹಾಳೆ ತೆಗೆದರು. "ಹೋಗ್ಲಿ ಬಿಡ್ರಿ, ಈಗರೆ ಹೇಳಿದ್ರಲ್ಲ. ಬೀರವ್ವ... ಗಂಡನ ಹೆಸರು?"

ಇಂಥ ಕಡೆ ಹೇಳುವವಳು ನಾನು. ರೇಷನ್ ಅಂಗಡಿ, ಬ್ಯಾಂಕು, ಸಾಲಿ — ಅವ್ವ ನನ್ನನ್ನು ಮುಂದೆ ತಳ್ಳುತ್ತಿದ್ದಳು, ನಾನು ಅಪ್ಪನ ಹೆಸರು ಹೇಳುತ್ತಿದ್ದೆ. ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ಅದನ್ನು ಕೇಳಿಲ್ಲ. ಬಾಯಿ ತೆಗೆದೆ. ಅವ್ವ ನನ್ನ ಮೊಣಕಾಲು ಒತ್ತಿ ಹಿಡಿದಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು.

"ಹೊಳೆಯಪ್ಪ," ಅಂದಳು. ಗಟ್ಟಿಯಾಗಿ.

ಹೊರಗೆ ಬೆಂಚು ಕಿರ್ ಅಂದಿತು. ಕರೆದಳು ಅಂತ ತಿಳಿದ ಅಪ್ಪ ಗಾಬರಿಯಲ್ಲಿ ಬಾಗಿಲು ತಳ್ಳಿ ಒಳಗೆ ಬಂದ.

"ಆಂ? ಏನ? ಬಂದ್ನಿ ಬಂದ್ನಿ..."

ಅವ್ವ ನನ್ನನ್ನು ನೋಡಲಿಲ್ಲ, ಚಾಚಿಯನ್ನೂ ನೋಡಲಿಲ್ಲ. ಅವನನ್ನೇ ನೋಡಿದಳು.

"ನನಗ ಅಂಜಿಕಿ ಆಗಾಕತ್ತೈತ್ರಿ," ಅಂದಳು.

ಅಪ್ಪ ಅಲ್ಲೇ, ಮೇಡಮ್ ಮುಂದೆಯೇ, ಅವ್ವನ ತಲೆಯ ಮೇಲೆ ಕೈ ಇಟ್ಟ.